ಓದಿದರೆ ಅಳಿಸಿಹೋಗುವ ಜಾಗ

ತೇಜಶ್ರೀಯ ಆಫೀಸು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲಿತ್ತು. ಹನ್ನೊಂದು ಜನರ ಸಣ್ಣ ಕಂಪನಿ. ಕಾರ್ಖಾನೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ಓಡುತ್ತಿರುವ ನಿಯಂತ್ರಣ ಯಂತ್ರಗಳಂತೆಯೇ ನಡೆದುಕೊಳ್ಳುವ ಎಮ್ಯುಲೇಟರ್ ತಂತ್ರಾಂಶ ಬರೆಯುವುದು ಅವರ ಕಸುಬು. ಅದಿದ್ದರೆ ಕಾರ್ಖಾನೆ ನಿಲ್ಲಿಸದೆ ಹೊಸ ಪ್ರೋಗ್ರಾಮನ್ನು ಮೊದಲು ನಕಲು ಯಂತ್ರದ ಮೇಲೆ ಓಡಿಸಿ ನೋಡಬಹುದು. ಎಮ್ಯುಲೇಟರ್ ಬರೆಯುವವನು ಉಪೇಂದ್ರ, ಮೈಸೂರು ಕಡೆಯವನು, ಮಾತು ಕಡಿಮೆ. ಅದರ ಒಳಗೇನಿದೆ ಎಂದು ಉಳಿದವರಿಗೆ ತಿಳಿಯುವಂತೆ ದಾಖಲೆ ಬರೆಯುವವಳು ತೇಜಶ್ರೀ. ಊರು ಗದಗ, ಚೆನ್ನೈಗೆ ಬಂದು ನಾಲ್ಕು ವರ್ಷವಾಗಿತ್ತು.

ಮಣಲಿಯ ಒಂದು ರಾಸಾಯನಿಕ ಕಾರ್ಖಾನೆಯ ಯಂತ್ರಕ್ಕೆ ದಾಖಲೆ ಬರೆಯುವಾಗ, ಅದರ ಮೆಮೊರಿಯನ್ನು ವಿಭಾಗ ವಿಭಾಗವಾಗಿ ವಿವರಿಸುವ ಅಧ್ಯಾಯ ಅವಳ ಪಾಲಿಗೆ ಬಂತು. ಮೆಮೊರಿಯ ಪ್ರತಿ ಜಾಗಕ್ಕೂ ಒಂದು ಸಂಖ್ಯೆ, ಅದೇ ಅದರ ವಿಳಾಸ. ಮೆಮೊರಿಯೆಲ್ಲ ಒಂದೇ ಜಾತಿಯದಲ್ಲ. ಕೆಲವು ಕಡೆ ಬರೆದದ್ದು ಬರೆದಂತೆ ಉಳಿಯುತ್ತದೆ. ಕೆಲವು ಕಡೆ ಓದಬಹುದು, ಬರೆಯುವಂತಿಲ್ಲ. ಕೆಲವು ವಿಳಾಸಗಳು ಬೇರೆ ಜಾಗದ ಎರಡನೇ ಹೆಸರಷ್ಟೆ. ಇನ್ನೊಂದು ಬಗೆ ಇದೆ: ಹೊರಗಿನಿಂದ ಮೆಮೊರಿಯಂತೆ ಕಾಣುತ್ತದೆ, ಹಿಂದಿರುವುದು ಒಂದು ಸಾಧನ. ಅಲ್ಲಿ ಬರೆದರೆ ಎಲ್ಲೋ ಒಂದು ವಾಲ್ವ್ ತೆರೆದುಕೊಳ್ಳುತ್ತದೆ. ಬರೀ ಓದಿದರೂ ಏನಾದರೂ ಆಗಿಬಿಡಬಹುದು.

ಆ ಯಂತ್ರಕ್ಕೆ ಉಳಿದಿದ್ದದ್ದು ಒಂದೇ ಒಂದು ಹಳೆಯ ಕೈಪಿಡಿ, ಅದೂ ಜೆರಾಕ್ಸಿನ ಜೆರಾಕ್ಸು. ಒಂದು ವಿಳಾಸದ ಎದುರಿನ ಸಾಲು ಮಸಿ ಹರಡಿ ಓದಲು ಬರುತ್ತಿರಲಿಲ್ಲ. ಉಪೇಂದ್ರನ ಕೋಡಿನಲ್ಲಿ ಅದು ಸಾಧಾರಣ ಮೆಮೊರಿ ಎಂದಿತ್ತು. ತೇಜಶ್ರೀಗೆ ಸಂಶಯ ಬಂತು. ಕೇಳಬೇಕು ಎಂದುಕೊಂಡಳು. ಶುಕ್ರವಾರದೊಳಗೆ ಅಧ್ಯಾಯ ಮುಗಿಯಬೇಕಿತ್ತು, ಉಪೇಂದ್ರ ರಜೆಯಲ್ಲಿದ್ದ. ಅವಳೂ ‘ಸಾಧಾರಣ ಮೆಮೊರಿ’ ಎಂದೇ ಬರೆದು ಮುಂದಿನ ಸಾಲಿಗೆ ಹೋದಳು.

ಅದಾಗಿ ಎಂಟು ತಿಂಗಳಿಗೆ, ಒಂದು ಬೆಳಿಗ್ಗೆ ಹತ್ತೂವರೆ ಹೊತ್ತಿಗೆ, ಆ ಕಾರ್ಖಾನೆಯಲ್ಲಿ ಅಮೋನಿಯ ಸೋರಿತು. ಪಾಳಿಯಲ್ಲಿದ್ದ ಆಪರೇಟರ್ ಅಂದಾನಿ ಪಂಪಿನ ಹತ್ತಿರ ಹೋಗಿದ್ದವನು ಅಲ್ಲೇ ಬಿದ್ದ. ಜೀವ ಉಳಿಯಿತು, ಶ್ವಾಸಕೋಶ ಸುಟ್ಟಿತ್ತು. ವಿಚಾರಣೆಯ ವರದಿ ಚಿಕ್ಕದಾಗಿತ್ತು: ಅಲಾರಾಂ ಬಂದಿದೆ, ಅದನ್ನು ನಿಲ್ಲಿಸಲಾಗಿದೆ, ನಿಲ್ಲಿಸುವ ಬಟನ್ ಇರುವುದು ಆಪರೇಟರ್ ಮುಂದೆ, ಆದ್ದರಿಂದ ತಪ್ಪು ಆಪರೇಟರನದು.

ಯಂತ್ರ ಕ್ಷಣ ಕ್ಷಣಕ್ಕೆ ತಾನೇ ಬರೆದಿಡುವ ಲಾಗನ್ನು ಒಮ್ಮೆ ನೋಡಿಕೊಡಿ ಎಂದು ಕಾರ್ಖಾನೆಯವರು ಕಳಿಸಿದಾಗ ಅದು ತೇಜಶ್ರೀಯ ಮೇಜಿಗೆ ಬಂತು. ಅಲಾರಾಂ ಬಂದದ್ದಕ್ಕೂ ನಿಂತದ್ದಕ್ಕೂ ನಡುವೆ ಕಾಲು ಸೆಕೆಂಡೂ ಇರಲಿಲ್ಲ. ಯಾವ ಮನುಷ್ಯನ ಕೈಯೂ ಅಷ್ಟು ಬೇಗ ಬಟನ್ ಒತ್ತಲಾರದು. ಪಕ್ಕದಲ್ಲಿದ್ದ ವಿಳಾಸ ನೋಡಿದಳು. ಅವಳು ದಾಟಿಹೋಗಿದ್ದ ಅದೇ ಸಾಲು.

ಕೈಪಿಡಿಯ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವಳೂ ಉಪೇಂದ್ರನೂ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದರು. ‘ಓದಿದಾಗ ಅಳಿಸಿಹೋಗುತ್ತದೆ’ ಎಂದಿತ್ತು. ಅಲಾರಾಂ ಬಂದಿದೆ ಎಂಬ ಗುರುತು ನಿಲ್ಲುವ ಜಾಗ ಅದು. ಇವರ ದಾಖಲೆ ನಂಬಿ ಬರೆದಿದ್ದ ಕಾರ್ಖಾನೆಯ ಹೊಸ ಪ್ರೋಗ್ರಾಮು ಪರದೆಯ ಮೇಲೆ ತೋರಿಸಲೆಂದು ಸೆಕೆಂಡಿಗೊಮ್ಮೆ ಆ ಜಾಗವನ್ನು ಓದುತ್ತಿತ್ತು. ನಕಲು ಯಂತ್ರದಲ್ಲಿ ಅದರಿಂದ ಏನೂ ಆಗಿರಲಿಲ್ಲ. ನಿಜವಾದ ಯಂತ್ರದಲ್ಲಿ ಓದಿದ ಕೂಡಲೇ ಅಲಾರಾಂ ಬಾಯಿ ಮುಚ್ಚಿತ್ತು.

ಕೋಡ್ ನನ್ನದು, ನೀನು ಬರೀ ನೋಡಿ ಬರೆದವಳು ಎಂದ ಉಪೇಂದ್ರ. ಸಂಶಯ ಬಂದಿತ್ತು, ಆದರೂ ಬರೆದೆ ಎಂದಳು ಅವಳು. ಕಂಪನಿಯ ಯಜಮಾನರಾದ ವಿಶ್ವಾರಾಧ್ಯರು ಕೇಳಿಕೊಂಡು, ವಕೀಲರ ಜೊತೆ ಮಾತಾಡುವವರೆಗೆ ಸುಮ್ಮನಿರಿ ಎಂದರು. ಕೆಟ್ಟ ಮನುಷ್ಯರಲ್ಲ, ಹನ್ನೊಂದು ಮನೆಗಳು ಅವರ ಕಣ್ಣ ಮುಂದಿದ್ದವು. ಮರುದಿನ ಬೆಳಿಗ್ಗೆ ತೇಜಶ್ರೀ ನಡೆದದ್ದನ್ನೆಲ್ಲ ಎರಡು ಪುಟದಲ್ಲಿ ಬರೆದು ವಿಚಾರಣೆಯವರಿಗೆ ಕಳಿಸಿದಳು. ಕೆಳಗೆ ಅವಳ ಹೆಸರಿತ್ತು. ಕಳಿಸುವ ಮುಂಚೆ ಉಪೇಂದ್ರ ಬಂದು ತನ್ನ ಹೆಸರನ್ನೂ ಸೇರಿಸಿದ.

ಆ ಭಾನುವಾರ ಮಧ್ಯಾಹ್ನ ಅವಳು ಕಾಸಿಮೇಡಿನಲ್ಲಿದ್ದ ಅಂದಾನಿಯ ಮನೆ ಹುಡುಕಿಕೊಂಡು ಹೋದಳು. ಮೀನಿನ ಹರಾಜು ಮುಗಿದು ಬೀದಿ ತೊಳೆದಿದ್ದರು. ಅಂದಾನಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್. ಅವನೂ ಅವಳ ಸೀಮೆಯವನೇ, ರೋಣದ ಕಡೆಯವನು. ಹೆಂಡತಿ ಜಯಲಕ್ಷ್ಮೀ ನೀರು ಕೊಟ್ಟು ಬಾಗಿಲ ಬಳಿ ನಿಂತಳು.

ತೇಜಶ್ರೀ ತಾನು ಯಾರು, ಏನು ಮಾಡಿದೆ ಎಂದು ಮುಚ್ಚಿಡದೆ ಹೇಳಿದಳು. ಅಲಾರಾಂ ತಾನಾಗಿಯೇ ನಿಂತಿತು, ಅವನು ಬಟನ್ ಮುಟ್ಟಿಲ್ಲ ಎನ್ನುವುದು ಲಾಗಿನಲ್ಲೇ ಇದೆ ಎಂದಳು.

ಅಂದಾನಿ ಉಸಿರು ಎಳೆದುಕೊಂಡ. “ಮೂರು ತಿಂಗಳಾತ್ರಿ ಇದನ್ನ ಹೇಳಾಕತ್ತಿ. ಒಮ್ಮೆ ಚೀರಿತು, ನಿಂತುಬಿಡ್ತು. ಸುಳ್ಳು ಅಲಾರಾಂ ಇರಬೇಕಂತ ನೋಡಾಕ ಹೋದೆ. ಯಾರೂ ನಂಬಲಿಲ್ಲ.”

ಜಯಲಕ್ಷ್ಮೀ ತಲೆ ತಗ್ಗಿಸಿದಳು. ಅವನು ಒಳಗಿನ ಕೋಣೆಯ ಕಡೆ ತಿರುಗಿ ಮಗಳನ್ನು ಕರೆದ. ನಮಿತಾ ಹತ್ತನೇ ತರಗತಿಯ ಹುಡುಗಿ. ಕನ್ನಡ ಅರ್ಥವಾಗುತ್ತಿತ್ತು, ಮಾತಾಡುತ್ತಿದ್ದದ್ದು ತಮಿಳು.

“ಇನ್ನೊಮ್ಮೆ ಹೇಳ್ರಿ,” ಎಂದ ಅಂದಾನಿ. “ತಮಿಳಿನ್ಯಾಗ ಹೇಳ್ರಿ. ಅಕಿಗೆ ಪೂರ್ತಿ ತಿಳೀಬೇಕು.”

ತೇಜಶ್ರೀಯ ತಮಿಳು ತರಕಾರಿ ಅಂಗಡಿಯ ತಮಿಳು. ತಡವರಿಸುತ್ತಾ, ನಡುನಡುವೆ ಇಂಗ್ಲಿಷ್ ಸೇರಿಸುತ್ತಾ ಮತ್ತೆ ಮೊದಲಿನಿಂದ ಹೇಳಿದಳು. ಹುಡುಗಿ ನೆಲ ನೋಡುತ್ತಾ ಕೇಳಿಸಿಕೊಂಡಳು. ಕೊನೆಗೆ, “ಅಪ್ಪಾ ಬಟನ್ ಅಮುಕ್ಕಲೈಯಾ?” ಎಂದಳು.

“ಇಲ್ಲೈ. ಅಮುಕ್ಕಲೈ,” ಎಂದಳು ತೇಜಶ್ರೀ. ಒತ್ತಲಿಲ್ಲ.

ನಮಿತಾ ಮಂಚದ ತುದಿಗೆ ಹೋಗಿ ಅಪ್ಪನ ಕಾಲಿನ ಹತ್ತಿರ ಕೂತಳು.

ತೇಜಶ್ರೀ ಏಳುವಾಗ ಅಂದಾನಿ, “ಸಂಶೇ ಬಂದಾಗ ನೀವು ಕೇಳಬೇಕಿತ್ತು,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಎಂದಳು.

ಐದು ವಾರಕ್ಕೆ ವರದಿ ಬದಲಾಯಿತು, ಅಂದಾನಿಯ ಮೇಲಿನ ಮಾತನ್ನು ತೆಗೆದರು. ಅವನ ಉಸಿರು ಮೊದಲಿನಂತೆ ಆಗಲಿಲ್ಲ. ಈಗ ಪಾಳಿ ಹಂಚುವ ಕೋಣೆಯಲ್ಲಿ ಕೂರುತ್ತಾನೆ. ವಿಶ್ವಾರಾಧ್ಯರು ಇಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ, ಆದರೆ ಬಹಳ ದಿನ ನೇರ ನೋಡಿ ಮಾತಾಡಲಿಲ್ಲ. ತೇಜಶ್ರೀ ಆ ಅಧ್ಯಾಯವನ್ನು ಅಳಿಸಿ ಹೊಸದಾಗಿ ಬರೆದಳು. ಹದಿನಾಲ್ಕು ವಿಳಾಸಗಳ ಎದುರು ಅವಳು ಬರೆದದ್ದು ‘ಗೊತ್ತಿಲ್ಲ’ ಎಂಬ ಒಂದೇ ಮಾತು. ವರ್ಷದ ರಿಪೇರಿಗೆಂದು ಕಾರ್ಖಾನೆ ನಿಂತಾಗ ಅವಳೂ ಉಪೇಂದ್ರನೂ ಮಣಲಿಗೆ ಹೋಗಿ, ನಿಜವಾದ ಯಂತ್ರದ ಮುಂದೆ ಕೂತು, ಒಂದೊಂದನ್ನೇ ಪರೀಕ್ಷಿಸಿದರು. ಅದಕ್ಕೆ ಒಂಬತ್ತು ದಿನ ಹಿಡಿಯಿತು.