ಕಾಗೆ ಮೇಷ್ಟ್ರ ಚಿತ್ರಪ್ರದರ್ಶನ

ಡ್ರಾಯಿಂಗ್ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಶಾಲೆಯ ಮಕ್ಕಳ ಬಾಯಲ್ಲಿ ಅದು ನಿಲ್ಲಲಿಲ್ಲ, ಅವರು ಕಾಗೆ ಮೇಷ್ಟ್ರಾದರು. ಅವರು ತಲೆಮೇಲೆ ಹೊತ್ತು ಮೆರೆಸುತ್ತಿದ್ದ ಹಿರಿಯ ಚಿತ್ರಕಾರರು ಪ್ರತಿ ಚಿತ್ರದಲ್ಲೂ ಎಲ್ಲಾದರೊಂದು ಕಡೆ ಕಾಗೆ ಕೂರಿಸುತ್ತಿದ್ದರು. ಸರಿ, ಮೇಷ್ಟ್ರೂ ಕೂರಿಸಿದರು. ಮರದ ಮೇಲೆ ಕೂತಷ್ಟು ದಿನ ಯಾರೂ ಏನೂ ಅನ್ನಲಿಲ್ಲ. ಹೆಡ್‌ಮಾಸ್ಟರ ಭಾವಚಿತ್ರದಲ್ಲಿ ಅವರ ಬೋಳುತಲೆಯ ಮೇಲೇ ಕೂತಾಗ ಮಾತ್ರ ಅವರ ಬೀಳ್ಕೊಡುಗೆ ಸಭೆ ಅರ್ಧಕ್ಕೇ ಮುಗಿಯಿತು.

ಆ ದೊಡ್ಡವರು ಎಡಗಣ್ಣು ಮುಚ್ಚಿಕೊಂಡು ಬಣ್ಣ ಹಚ್ಚುತ್ತಾರಂತೆ. ಮೇಷ್ಟ್ರೂ ಮುಚ್ಚಿದರು, ಎಡಗಡೆಯಿದ್ದ ಕಾಫಿಗೆ ಕುಂಚ ಅದ್ದಿ, ಕುಂಚ ತೊಳೆದ ನೀರನ್ನು ಗಟಗಟ ಕುಡಿದರು.

"ನನ್ನ ಚಿತ್ರದಲ್ಲಿ ದೊಡ್ಡವರ ಛಾಯೆ ಇದೆ ಕಣೇ."

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಛಾಯೆ ಅಲ್ಲ ರೀ, ಛಾಯಾಪ್ರತಿ. ಜೆರಾಕ್ಸ್ ಅಂಗಡಿ ಬೋರ್ಡಲ್ಲಿ ಬರೆದಿರ್ತಾರಲ್ಲ, ಅದು."

ಮೇಷ್ಟ್ರಿಗಿದ್ದದ್ದು ಒಂದೇ ಆಸೆ: ದೊಡ್ಡವರ ಬಾಯಿಂದ 'ನೀನೂ ಚಿತ್ರಕಾರನಪ್ಪಾ' ಅನ್ನಿಸಿಕೊಳ್ಳಬೇಕು. ಕಾಡಿ ಬೇಡಿ, ತಮ್ಮ ಮೊದಲ ಪ್ರದರ್ಶನದ ಉದ್ಘಾಟನೆಗೆ ಅವರನ್ನೇ ಕರೆಸಿದರು.

ದೊಡ್ಡವರು ಬಂದರು, ಸೋಡಾಬುಡ್ಡಿ ಕನ್ನಡಕ ಒರೆಸಿಕೊಂಡು ಮೊದಲ ಚಿತ್ರಕ್ಕೆ ಮೂಗು ತಾಗಿಸಿದರು.

"ಅರೆ! ಇದನ್ನ ಯಾವಾಗ ಬರೆದೆ ನಾನು?"

"ಸಾರ್, ಅದು..."

"ಸಹಿ ಬೇರೆ ಮರೆತಿದೀನಿ. ವಯಸ್ಸು ನೋಡಪ್ಪಾ!"

ಮೇಷ್ಟ್ರ ಸಹಿ ಕಾಗೆಯ ರೆಕ್ಕೆಯೊಳಗೆ, ಕಪ್ಪಿನಲ್ಲಿ ಕಪ್ಪಾಗಿ ಅಡಗಿತ್ತು. ದೊಡ್ಡವರು ಜೇಬಿನ ಪೆನ್ನು ತೆಗೆದು ಸರಸರನೆ ತಮ್ಮದನ್ನು ಗೀಚಿದರು. ಪಕ್ಕದ್ದಕ್ಕೂ ಗೀಚಿದರು. ಹೆಂಡತಿ ತಿವಿದಳು: "ಬಾಯಿ ಬಿಡಿ ರೀ! ನಿಮ್ಮದು ಅಂತ ಹೇಳಿ!"

"ಸುಮ್ನಿರೇ. ಅವರಿಗೇ ಗೊತ್ತಾಗ್ಲಿಲ್ಲ ಅಂದ್ರೆ ಏನರ್ಥ ಹೇಳು!" ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗಿದ್ದರು.

ಹಾಗೇ ಸಹಿ ಹಾಕುತ್ತಾ ಬಂದ ಪೆನ್ನು ಕೊನೆಯ ಗೋಡೆಯಲ್ಲಿ ನಿಂತಿತು. ಹೊಲಿಗೆ ಯಂತ್ರದ ಮೇಲೆ ಕೈಮಡಚಿ ತೂಕಡಿಸುವ ಹೆಂಗಸಿನ ಚಿತ್ರ. ಊಟಕ್ಕೆ ಕಾಯುತ್ತಾ ಮೇಷ್ಟ್ರು ಎರಡೂ ಕಣ್ಣು ಬಿಟ್ಟುಕೊಂಡು ಬರೆದದ್ದು. ಗೋಡೆ ಬೋಳಾಗಿ ಕಾಣುತ್ತದೆಂದು ಹೆಂಡತಿಯೇ ತಂದು ನೇತುಹಾಕಿದ್ದಳು.

"ಇದು ನನ್ನದಲ್ಲ. ಮೊಣಕೈ ತಪ್ಪಿದೆ. ಯಾರದು?"

ಕೋಣೆಯೆಲ್ಲ ಮೇಷ್ಟ್ರ ಕಡೆ ತಿರುಗಿತು.

"ಯಾರೋ... ಕಲಿಯೋ ಹುಡುಗಂದು ಸಾರ್."

ದೊಡ್ಡವರು ಬಹಳ ಹೊತ್ತು ನೋಡಿದರು. "ಅವನಿಗೆ ಹೇಳಪ್ಪಾ, ನನ್ನ ಚಿತ್ರ ಇರೋ ಕಡೆ ಸುಳೀಬೇಡ ಅಂತ. ಕೆಟ್ಟುಹೋಗ್ತಾನೆ. ಇದರಲ್ಲಿ ತಪ್ಪು ಕೂಡ ಅವನದೇ."

"ಆಗಲಿ ಸಾರ್, ಹೇಳ್ತೀನಿ."

"ಈಗ್ಲೇ ಹೇಳಿಬಿಡಿ ರೀ," ಎಂದಳು ಹೆಂಡತಿ. "ಇಲ್ಲೇ ಇದಾನಲ್ಲ ಹುಡುಗ!"

ಮೇಷ್ಟ್ರು ಕೇಳಿಸದವರಂತೆ ಬಗ್ಗಿ, ಪಕ್ಕದ ಚಿತ್ರದ ಮೇಲಿದ್ದ ಹಸಿ ಸಹಿಗೆ ಉಫ್ ಉಫ್ ಎಂದು ಊದತೊಡಗಿದರು.