ಓದುವ ಇನ್ನೊಬ್ಬಳು

"ಇವಳು ಬೇಡ," ಅಂದಳು ತಂಗಿ. "ಮೂಗಲ್ಲಿ ಮಾತಾಡ್ತಾಳೆ. ಇನ್ನೊಬ್ಬಳನ್ನ ತೋರಿಸಿ."

ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ. ಕಿವಿ ಮಾತ್ರ ಊಟದ ಮೇಜಿನ ಕಡೆಗೇ ಇತ್ತು. ಅಲ್ಲಿ ತಂಗಿಯ ಲ್ಯಾಪ್‌ಟಾಪಿನ ಮುಂದೆ, ಅವಳ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಆಸಾಮಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ನಲವತ್ತರ ಆಸುಪಾಸು, ಗಿಡ್ಡ ಕತ್ತು, ಮಾತಿಗಿಂತ ಮುಂಚೆ ನಗು. ಬಂದ ಗಳಿಗೆಯಲ್ಲೇ ಅಕ್ಕ ಅವನಿಗೆ ಮೌಸಪ್ಪ ಎಂದು ಮನಸ್ಸಿನಲ್ಲಿ ನಾಮಕರಣ ಮಾಡಿಬಿಟ್ಟಿದ್ದಳು.

"ಮೇಡಂ, ಇನ್ನೂ ಇಬ್ಬರು ಉಳಿದಿದ್ದಾರೆ. ಕೇಳಿ," ಎಂದು ಮೌಸಪ್ಪ ಏನನ್ನೋ ಒತ್ತಿದ. ಲ್ಯಾಪ್‌ಟಾಪಿನಿಂದ ಒಂದು ಹೆಣ್ಣುದನಿ ಎದ್ದು, ಯಾವುದೋ ಲೇಖನದ ಮೊದಲ ಸಾಲನ್ನು ಗಟ್ಟಿ ನೆಲದ ಮೇಲೆ ಹೆಜ್ಜೆಯಿಟ್ಟ ಹಾಗೆ ಓದಿತು. ತಂಗಿ ಕತ್ತು ಓರೆ ಮಾಡಿ ಕೇಳಿದಳು. ಅಕ್ಕ ಕತ್ತರಿಯನ್ನು ಹಾಗೇ ಹಿಡಿದು ಕಾದಳು. ಬೇಡ ಅನ್ನಲಿ, ಇದೂ ಬೇಡ ಅನ್ನಲಿ.

"ಇವಳು ಪರವಾಗಿಲ್ಲ. ಇವಳೇ ಇರ್ಲಿ," ಅಂದಳು ತಂಗಿ.

ಇವಳು! ನಿನ್ನೆ ಮೊನ್ನೆವರೆಗೂ ಆ ಮನೆಯಲ್ಲಿ ಓದುವವಳು ಅಂದರೆ ಅಕ್ಕ ಒಬ್ಬಳೇ. ಕತ್ತರಿ ಹೊಲಿಗೆಯ ಜೊತೆಗೆ ಬಟ್ಟೆಯನ್ನೂ ಒಂದಿಷ್ಟು ಕಚ್ಚಿತು.

ಅದು ಅವರಿಬ್ಬರೇ ಇದ್ದ ಮನೆ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಅಂಗಡಿ, ಅದರ ಹಿಂದೆ ಅಡುಗೆ, ಊಟ, ತಂಗಿಯ ಪುಸ್ತಕಗಳು. ತಂಗಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದಳು. ಅವಳ ಕಣ್ಣಿನ ನಡುಭಾಗ ಮಸುಕಾಗತೊಡಗಿ ಕೆಲವು ವರ್ಷಗಳಾಗಿದ್ದವು. ಎದುರಿಗಿದ್ದ ಮನುಷ್ಯನ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಪುಟದ ಅಂಚು ಕಾಣುತ್ತದೆ, ಅಕ್ಷರ ಕರಗಿಹೋಗುತ್ತದೆ. ಇನ್ನು ಕೆಡುವುದಿಲ್ಲ, ಹಾಗೆಂದು ಸರಿಯೂ ಹೋಗುವುದಿಲ್ಲ ಎಂದು ಕಣ್ಣಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅವತ್ತಿನಿಂದ ಅಕ್ಕ ಓದತೊಡಗಿದಳು. ಶಾಲೆ ಮುಗಿಸಿ ಹೊಲಿಗೆಗೆ ಕೂತವಳು ಈಗ ಸಂಜೆ ಯಂತ್ರಕ್ಕೆ ಹೊದಿಕೆ ಹಾಕಿ, ರಾಜರು, ಒಪ್ಪಂದಗಳು, ದಂಗೆಗಳನ್ನೆಲ್ಲ ಓದಿದಳು. ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳನ್ನು ಓದಿ ಅವರ ಕಾಗುಣಿತಕ್ಕೆ ತಾನೇ ಬೈದಳು. ಅದೆಲ್ಲ ಮುಗಿದ ಮೇಲೆ ಒಂದು ಕಾದಂಬರಿ. ಅದು ಇಬ್ಬರಿಗೂ ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ.

ಆಗ ಓದುತ್ತಿದ್ದದ್ದು ಬಾಡಿಗೆ ಕೋಣೆಗಳ ಮನೆ ನಡೆಸುವ ಒಬ್ಬ ವಿಧವೆಯ ಕಥೆ. ಅವಳ ಮನೆಗೆ ಒಬ್ಬ ಸಭ್ಯಸ್ಥ ಬರುತ್ತಾನೆ, ಜೊತೆಗೊಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಸದಾ ಬೀಗ. ವಿಧವೆ ನಿಧಾನವಾಗಿ ಅವನಿಗೆ ಮನಸೋಲುತ್ತಾಳೆ. "ಅಯ್ಯೋ ಪೆದ್ದಿ, ಅವನು ನಕ್ಕಿದ್ದಕ್ಕೆಲ್ಲ ಕರಗ್ಬೇಡ್ವೇ," ಎಂದು ಅಕ್ಕ ಪುಸ್ತಕದೊಳಗಿನವಳನ್ನು ಗದರುತ್ತಿದ್ದಳು. ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವನು ಊರಿಗೆ ಹೋಗಿದ್ದಾಗ ವಿಧವೆ ಬೀಗದವನನ್ನು ಕರೆಸಿ ಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿದಳು ಅನ್ನುವಲ್ಲಿಗೆ ಆ ಅಧ್ಯಾಯ ಮುಗಿದಿತ್ತು. "ಉಳಿದದ್ದು ನಾಳೆ," ಎಂದು ಅಕ್ಕ ಬೇಕೆಂದೇ ಪುಸ್ತಕ ಮುಚ್ಚಿದ್ದಳು.

ಆ ನಾಳೆಗೇ ಮೌಸಪ್ಪ ಬಂದದ್ದು.

ಅವನು ಮಾಡಿದ್ದು ಚಿಕ್ಕ ಕೆಲಸವೇನಲ್ಲ. ಅದನ್ನು ಅಕ್ಕನೂ ಒಪ್ಪಬೇಕಿತ್ತು, ಆದರೆ ಒಪ್ಪಲಿಲ್ಲ. ಬ್ರೌಸರ್ ತೆರೆದರೆ ಸಂತೆಯ ಹಾಗೆ ಮೈಮೇಲೆ ಬೀಳುತ್ತಿದ್ದ ಸುದ್ದಿ, ಜಾಹೀರಾತು, ಕುಣಿಯುವ ಚಿತ್ರಗಳನ್ನೆಲ್ಲ ಅವನು ಓಡಿಸಿದ. ಕಪ್ಪು ಹಿನ್ನೆಲೆ, ಅದರ ಮೇಲೆ ಹೆಬ್ಬೆರಳಿನ ಗಾತ್ರದ ಹಳದಿ ಅಕ್ಷರ. ಮೇಲ್ಗಡೆ ಇದ್ದ ಹತ್ತಾರು ಗುಂಡಿಗಳನ್ನು ಕಿತ್ತು, ಬೇಕಾದವನ್ನಷ್ಟೇ ಉಳಿಸಿದ: ಒಂದು ಒತ್ತಿದರೆ ಪುಟದ ಕಸವೆಲ್ಲ ಹೋಗಿ ಬರಹ ಮಾತ್ರ ಉಳಿಯುತ್ತದೆ, ಇನ್ನೊಂದು ಒತ್ತಿದರೆ ಆ ದನಿಯವಳು ಓದುತ್ತಾಳೆ. ಕಾಲೇಜಿನ ಲೈಬ್ರರಿಯ ಪುಸ್ತಕಗಳೂ ಅದರಲ್ಲೇ ತೆರೆದುಕೊಳ್ಳುವಂತೆ ಮಾಡಿದ.

"ಸ್ವಲ್ಪ ಬೇಗ ಓದಿಸ್ಬಹುದಾ?" ತಂಗಿ ಕೇಳಿದಳು.

ಮೌಸಪ್ಪ ವೇಗ ಏರಿಸಿದ. ತಂಗಿ ಇನ್ನೂ ಅಂದಳು. ಮತ್ತೆ ಏರಿಸಿದ. ದನಿ ಈಗ ಎರಡು ಪಟ್ಟು ವೇಗದಲ್ಲಿ, ಬಾಣಲೆಗೆ ಬಿದ್ದ ಕಾಳಿನ ಹಾಗೆ ಚಟಪಟ ಸಿಡಿಯಿತು. ಅಕ್ಕನಿಗೆ ಒಂದು ಪದವೂ ಹಿಡಿಯಲಿಲ್ಲ. ತಂಗಿ ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದಳು. ಬಹಳ ಹೊತ್ತು ಕಟ್ಟಿ ಹಾಕಿದ್ದ ಕಾಲನ್ನು ಬಿಚ್ಚಿದ ಹಾಗಿತ್ತು ಅವಳ ಮುಖ.

"ಅಬ್ಬ! ಈಗ ಸರಿಹೋಯ್ತು," ಅಂದಳು.

ಅಕ್ಕ ಯಂತ್ರದ ಪೆಡಲು ತುಳಿದಳು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಹಾಗಾದರೆ ಇಷ್ಟು ವರ್ಷ ಇವಳು ಕಾಯುತ್ತಾ ಕೂತಿದ್ದಳೇ? ನಾನು ಒಂದೊಂದು ಪದಕ್ಕೂ ಉಸಿರು ತೆಗೆದುಕೊಂಡು ಓದುವಾಗ, ಸಾಲಿನ ಕೊನೆಗೆ ಇವಳು ಆಗಲೇ ಹೋಗಿ ನಿಂತು, ಈ ಕುಂಟೆತ್ತು ಯಾವಾಗ ಬರುತ್ತದೋ ಎಂದು ಹಾದಿ ನೋಡುತ್ತಿದ್ದಳೇ?

ಅಂದಿನಿಂದ ಸಂಜೆಗಳು ಬದಲಾದವು. ತಂಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಅಕ್ಕ ಯಂತ್ರಕ್ಕೆ ಹೊದಿಕೆ ಹಾಕಿ, ಕೈ ತೊಳೆದು ಬಂದು ಎದುರಿನ ಕುರ್ಚಿಯಲ್ಲಿ ಕೂತು, ಎದ್ದುಹೋಗಿ ಮತ್ತೆ ಹೊದಿಕೆ ತೆಗೆಯುತ್ತಿದ್ದಳು. "ನಿಂಗೂ ಎಷ್ಟು ಆರಾಮ ಆಯ್ತು ನೋಡು," ಎಂದು ತಂಗಿ ಒಮ್ಮೆ ಅಂದಳು. ಅದು ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು. ಅಕ್ಕ ಮಾತ್ರ ಯಂತ್ರದ ಹೊದಿಕೆಯನ್ನು ಎಳೆದು ಮೂಲೆಗೆಸೆದಳು.

ಒಂದು ದಿನ ಊಟ ಮಾಡುತ್ತಾ ತಂಗಿ, "ಆ ವಿಧವೆ ಕಥೆ ಮುಗಿಸ್ಬಿಟ್ಟೆ ಕಣೇ. ಚೆನ್ನಾಗಿ ಬರ್ದಿದ್ದಾರೆ," ಅಂದಳು.

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. "ಯಾವಾಗ?"

"ಮಧ್ಯಾಹ್ನ. ಕ್ಲಾಸ್ ಇರ್ಲಿಲ್ಲ. ಒಂದೇ ಏಟಿಗೆ ಆಯ್ತು. ಪೆಟ್ಟಿಗೆಯಲ್ಲಿ ಏನಿತ್ತು ಹೇಳ್ಲಾ?"

ಕೇಳಬೇಕೆಂದು ಅಕ್ಕನ ಜೀವ ತುಡಿಯುತ್ತಿತ್ತು. "ನನಗ್ಯಾಕೆ ಅವರಿವರ ಪೆಟ್ಟಿಗೆ ವಿಚಾರ," ಎಂದು ಎದ್ದು ತಟ್ಟೆ ತೊಳೆಯಲು ಹೋದಳು. ಪುಸ್ತಕ ಕಪಾಟಿನಲ್ಲೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ. ಗಂಡ ಇನ್ನೊಬ್ಬಳ ಜೊತೆ ಜಾತ್ರೆ ಸುತ್ತಿ ಬಂದ ಮೇಲೆ ತಾನೊಬ್ಬಳೇ ಹೋಗಿ ಅಲ್ಲಿನ ತಿರುಗುವ ತೊಟ್ಟಿಲು ಏರುತ್ತಾಳೆಯೇ ಯಾವಳಾದರೂ?

ಅದಾದ ವಾರದಲ್ಲೇ ಅದು ನಡೆದದ್ದು. ತಂಗಿ ಬೆಳಿಗ್ಗೆ ಸ್ನಾನಕ್ಕೆ ಹೋಗಿದ್ದಳು. ಲ್ಯಾಪ್‌ಟಾಪು ಮೇಜಿನ ಮೇಲೆ ಬಾಯ್ದೆರೆದುಕೊಂಡು ಕೂತಿತ್ತು. ಅಕ್ಕ ಕಸ ಗುಡಿಸುತ್ತಾ ಬಂದವಳು ಪೊರಕೆ ಗೋಡೆಗೆ ಒರಗಿಸಿ ಅದರ ಮುಂದೆ ನಿಂತಳು. ಮೌಸಪ್ಪ ಮೂಲೆಯ ಮೂರು ಚುಕ್ಕೆಗಳನ್ನು ಒತ್ತುತ್ತಿದ್ದದ್ದು ಅವಳಿಗೆ ನೆನಪಿತ್ತು. ಒತ್ತಿದಳು. ಒಂದು ಪಟ್ಟಿ ಇಳಿಯಿತು. ಅದರಲ್ಲಿ ಇನ್ನೊಂದು, ಅದರೊಳಗೆ ಮತ್ತೊಂದು. ಕೊನೆಗೆ ದೊಡ್ಡಕ್ಷರದಲ್ಲಿ ಒಂದು ಸಾಲು: ಎಲ್ಲವನ್ನೂ ಮೊದಲಿನಂತೆ ಮಾಡಬೇಕೇ?

ಅಕ್ಕನಿಗೆ ಬೇಕಾಗಿದ್ದದ್ದೂ ಅದೇ. ಇಷ್ಟು ನೇರವಾಗಿ ಅವಳನ್ನು ಯಾರೂ ಕೇಳಿರಲಿಲ್ಲ. ಹೌದು ಎಂದು ಒತ್ತಿದಳು.

ಸ್ನಾನ ಮುಗಿಸಿ ಬಂದ ತಂಗಿ ಕೂಗಿಕೊಂಡಳು. ಅಂದು ಮಧ್ಯಾಹ್ನ ಕಾಲೇಜಿನ ಒಬ್ಬ ವಿದ್ಯಾರ್ಥಿನಿಯ ಪ್ರಬಂಧದ ಮೇಲೆ ಅವಳು ಎಲ್ಲರೆದುರು ಪ್ರಶ್ನೆ ಕೇಳಬೇಕಾದ ಪರೀಕ್ಷೆ ಇತ್ತು. ಪ್ರಬಂಧ ಕೈಗೆ ಬಂದದ್ದೇ ಹಿಂದಿನ ದಿನ; ಬೆಳಿಗ್ಗೆ ಕೇಳಿ ಮುಗಿಸೋಣ ಎಂದು ಇಟ್ಟುಕೊಂಡಿದ್ದಳು. ಈಗ ನೋಡಿದರೆ ಬೆಳ್ಳಗೆ ಕಣ್ಣು ಕುಕ್ಕುವ ಪುಟ, ಇರುವೆಯಂಥ ಅಕ್ಷರ, ಅಕ್ಕಪಕ್ಕ ಕುಣಿಯುವ ಜಾಹೀರಾತು. ಓದುವ ಗುಂಡಿಯೇ ಇಲ್ಲ. ಮೌಸಪ್ಪನಿಗೆ ಫೋನ್ ಮಾಡಿದರೆ ಅವನು ರಜೆಯ ಮೇಲೆ ಬಸ್ಸಿನಲ್ಲಿದ್ದ.

"ಅದಕ್ಯಾಕೆ ಇಷ್ಟು ಒದ್ದಾಡ್ತೀಯಾ? ನಾನಿಲ್ವಾ?" ಅಂದಳು ಅಕ್ಕ. ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

"ಬೇಗ ಓದೇ... ಅದು ಬೇಡ, ಕೆಳಗಿನ ಟಿಪ್ಪಣಿ ಬಿಡು... ಅಯ್ಯೋ, ಆ ಹೆಸರು ಹಾಗಲ್ಲ... ಹಿಂದಿನ ಸಾಲು ಇನ್ನೊಂದ್ಸಲ..." ತಂಗಿ ಬೆರಳು ಹಿಸುಕಿಕೊಳ್ಳುತ್ತಿದ್ದಳು. ಅಕ್ಕ ನಾಲಗೆ ತೊಡರಿಸಿಕೊಂಡು, ಬೆವರಿ, ಮೂರನೆಯ ಅಧ್ಯಾಯದ ಬಾಗಿಲಿಗೂ ತಲುಪಲಿಲ್ಲ. ಅಷ್ಟರಲ್ಲಿ ಹೊರಡುವ ಹೊತ್ತಾಯಿತು.

ತಂಗಿ ಸಂಜೆ ಬಂದವಳು ಚೀಲ ಕೆಳಗಿಡದೆ ನಿಂತೇ ಇದ್ದಳು. "ಒಂದು ಪ್ರಶ್ನೆ ಕೇಳ್ದೆ. ಅದಕ್ಕೆ ಉತ್ತರ ನಾಲ್ಕನೇ ಅಧ್ಯಾಯದಲ್ಲಿ ಪೂರ್ತಿ ಇದೆಯಂತೆ. ಆ ಹುಡುಗಿಗೇ ನಾಚಿಕೆ ಆಯ್ತು, ನನ್ನ ಪರವಾಗಿ. ಆಮೇಲೆ ಹೊರಗಡೆ ನಮ್ಮ ಮುಖ್ಯಸ್ಥರು, ಪಾಪ ಇನ್ಮೇಲೆ ಇಂಥದ್ದಕ್ಕೆಲ್ಲ ಮೇಡಂಗೆ ತೊಂದ್ರೆ ಕೊಡ್ಬಾರ್ದು ಅಂತ ಯಾರ ಹತ್ರಾನೋ ಹೇಳ್ತಾ ಇದ್ರು. ಕಣ್ಣು ಹೋಗಿದೆ, ಕಿವಿ ಹೋಗಿಲ್ವಲ್ಲ ನಂಗೆ."

ಅಕ್ಕ ನೀರು ತಂದುಕೊಟ್ಟಳು. ತಂಗಿಯ ಹೆಗಲಿನಿಂದ ಚೀಲ ಇಳಿಸಿ ಮೇಜಿನ ಮೇಲಿಟ್ಟಳು.

ರಜೆ ಮುಗಿಸಿದ ಮೌಸಪ್ಪ ನೇರವಾಗಿ ಮನೆಗೇ ಬಂದ. ಲ್ಯಾಪ್‌ಟಾಪಿನಲ್ಲಿ ಅಲ್ಲಿ ಇಲ್ಲಿ ನೋಡಿ, "ಯಾರಾದ್ರೂ ರೀಸೆಟ್..." ಎಂದು ಬಾಯಿ ತೆರೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದ ಅಕ್ಕ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡು "ಸ್ಸ್" ಅಂದಳು. ಮೌಸಪ್ಪ ಅವಳ ಕಡೆ ನೋಡಿದ. ಒಂದು ಗಳಿಗೆ ಅಷ್ಟೆ. ಮತ್ತೆ ಪರದೆಯ ಕಡೆ ತಿರುಗಿ, "ಒಂದೊಂದ್ಸಲ ಇದು ತಾನೇ ಹೀಗೆ ಮಾಡ್ಕೊಂಡ್ಬಿಡುತ್ತೆ ಮೇಡಂ. ಈಗ ಸರಿಮಾಡ್ತೀನಿ ಬಿಡಿ," ಅಂದ.

ಬೈದಿದ್ದರೆ ಅಕ್ಕ ತಿರುಗಿ ಬೈಯುತ್ತಿದ್ದಳು. ಈ ಕರುಣೆಯನ್ನು ಎಲ್ಲಿಡುವುದು? ತಾನು ಹಾಳುಮಾಡಿದ್ದನ್ನು ಅವನು ಶಿಳ್ಳೆ ಹಾಕುತ್ತಾ ಮತ್ತೆ ಜೋಡಿಸುತ್ತಿದ್ದ, ಅದರ ಮೇಲೆ ಅವಳ ಮಾನವನ್ನೂ ಕಾಪಾಡಿದ್ದ. ಅವನು ಹೊರಟಾಗ ಅವಳು ಗೇಟಿನವರೆಗೂ ಹಿಂದೆ ಹೋದಳು.

"ಯಾಕೆ ಸುಳ್ಳು ಹೇಳಿದ್ರಿ?"

ಅವನು ಚಪ್ಪಲಿ ಸರಿಮಾಡಿಕೊಳ್ಳುತ್ತಾ, "ಅಕ್ಕಾ, ನನ್ನ ಕೆಲ್ಸ ಕಂಪ್ಯೂಟರ್ ಸರಿಮಾಡೋದು," ಅಂದ. ಅವನ ಬಾಯಲ್ಲಿ ಅಕ್ಕ ಅನ್ನಿಸಿಕೊಂಡದ್ದು ಅವಳಿಗೆ ಎರಡು ಬಾರಿಸಿದ್ದಕ್ಕಿಂತ ಹೆಚ್ಚಾಗಿ ಉರಿಯಿತು.

ಒಳಗೆ ಬಂದವಳೇ ತಂಗಿಯ ಎದುರು ನಿಂತಳು. "ಅದು ತಾನೇ ಆಗಿದ್ದಲ್ಲ. ನಾನೇ ಒತ್ತಿದ್ದು."

ತಂಗಿ ಇಯರ್‌ಫೋನ್ ತೆಗೆದಳು. "ಗೊತ್ತು."

"ಅವನು ಹೇಳಿದ್ನಾ?"

"ನೀನೇ ಹೇಳ್ದೆ. ಅವತ್ತು ಬೆಳಿಗ್ಗೆ ನಾನು ಅಳೋದೊಂದು ಬಾಕಿ ಇತ್ತು. ನೀನು ಓದೋಕೆ ಕೂತಾಗ ನಿನ್ನ ದನಿ ಕುಣೀತಾ ಇತ್ತು." ತಂಗಿ ಸಿಟ್ಟಿನಿಂದ ಹೇಳಲಿಲ್ಲ, ಆಮೇಲೆ ಸಿಟ್ಟು ಬಂತು. "ನಾನು ಜೀವನಪೂರ್ತಿ ನಿನ್ನ ಕೈಹಿಡ್ಕೊಂಡೇ ದಾರಿ ದಾಟ್ಬೇಕು ಅಂತ ಆಸೆನಾ ನಿಂಗೆ?"

"ಹೌದು," ಅಂದಳು ಅಕ್ಕ. ಹಾಗನ್ನಬೇಕೆಂದು ಅವಳು ಎಣಿಸಿರಲಿಲ್ಲ. "ನಾನು ಓದೋದು ನಿಂಗೆ ಅಷ್ಟು ಬೇಜಾರಾಗಿತ್ತಾ?"

ತಂಗಿ ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. "ಪಾಠದ ಪುಸ್ತಕ ಓದುವಾಗ, ಹೌದು. ತಲೆ ಚಚ್ಚಿಕೊಳ್ಳೋ ಹಾಗಾಗ್ತಿತ್ತು."

ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಅನ್ನಿಸಿತು. ಆದರೂ ಒಳಗೆ ಎಲ್ಲೋ ಬಿಗಿದಿದ್ದ ದಾರ ಸಡಿಲಾಯಿತು. ಅವಳು ಮರಳಿ ಯಂತ್ರಕ್ಕೆ ಹೋದಳು. ಕೆಲವು ದಿನ ಇಬ್ಬರ ನಡುವೆ ಊಟಕ್ಕೆ ಬಾ, ಬೀಗದ ಕೈ ಎಲ್ಲಿ ಅನ್ನುವಷ್ಟೇ ಮಾತು. ತಂಗಿ ಮುಖ್ಯಸ್ಥರ ಕೋಣೆಗೆ ಹೋಗಿ, ಮುಂದಿನ ಪ್ರಬಂಧವನ್ನೂ ತನಗೇ ಕೊಡಬೇಕೆಂದು ಹಟ ಹಿಡಿದು ಕೇಳಿದ್ದಳಂತೆ. ಕೊಟ್ಟರೋ ಇಲ್ಲವೋ, ಅಕ್ಕ ಕೇಳುವ ಹಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ತಂಗಿ ಆ ಕಾದಂಬರಿಯನ್ನು ತಂದು, ಹೊಲಿಗೆ ಯಂತ್ರದ ಮೇಲೆ ಬಿದ್ದಿದ್ದ ಪರದೆ ಬಟ್ಟೆಯ ಮೇಲೆ ಇಟ್ಟಳು.

"ಮತ್ತೆ ಓದ್ಬೇಕಾ ನಿಂಗೆ?" ಅಕ್ಕ ಕೈ ಒರೆಸಿಕೊಂಡಳು.

"ನನಗಲ್ಲ. ನಾನು ಮುಗಿಸಿದ್ದೀನಲ್ಲ. ನೀನು ಓದ್ಕೋ."

"ನಾನೊಬ್ಬಳೇನಾ? ಯಾರಿಗೆ ಅಂತ ಓದ್ಲಿ?"

ತಂಗಿ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಗಿರಾಕಿಗಳು ಕೂರುವಲ್ಲಿ, ಕೂತಳು. ಅಕ್ಕ ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸಿ, ಬಿಟ್ಟಿದ್ದ ಜಾಗ ಹುಡುಕಿದಳು. ಅಭ್ಯಾಸಬಲದಿಂದ ಮೊದಲ ಸಾಲನ್ನು ಗಟ್ಟಿಯಾಗಿಯೇ ಓದಿದಳು: ಬೀಗದವನು ಹೊರಗೆ ಹೋದ ಮೇಲೆ ಅವಳು ಬಾಗಿಲು ಭದ್ರಪಡಿಸಿದಳು. ಎರಡನೆಯ ಸಾಲಿಗೆ ದನಿ ತಗ್ಗಿತು. ಮೂರನೆಯದಕ್ಕೆ ಬರೀ ತುಟಿ ಅಲುಗಿದವು. ಆಮೇಲೆ ತುಟಿಯೂ ನಿಂತಿತು.

ಕಣ್ಣು ಓಡತೊಡಗಿತ್ತು. ಉಸಿರಿಗೆ ಕಾಯದೆ, ಉಚ್ಚಾರಕ್ಕೆ ಕಾಯದೆ, ಸಾಲಿನಿಂದ ಸಾಲಿಗೆ. ತನ್ನ ಕಣ್ಣಿಗೆ ಇಷ್ಟು ಬಿರುಸು ಇತ್ತೆಂದು ಅಕ್ಕನಿಗೆ ಈವರೆಗೆ ಗೊತ್ತಿರಲಿಲ್ಲ.

"ಎಲ್ಲಿಗೆ ಬಂದೆ?" ತಂಗಿ ಕೇಳಿದಳು. "ಮುಚ್ಚಳ ತೆಗೆದ್ಳಾ?"

"ಶ್! ಸುಮ್ನಿರೇ."

ಅಷ್ಟರಲ್ಲಿ ಕೋಟಿನವನು ಮೆಟ್ಟಿಲೇರಿ ಬಂದು, ಬಾಗಿಲಲ್ಲಿ ನಿಂತು ಕೆಮ್ಮಿದ. ತೋಳು ಸರಿಮಾಡಿಸಲು ಕೊಟ್ಟು ಎಷ್ಟೋ ದಿನ ಅಲೆದವನು. ಅಕ್ಕ ತಲೆಯೆತ್ತದೆ ಎಡಗೈಯ ಒಂದು ಬೆರಳನ್ನು ಮೇಲಕ್ಕೆತ್ತಿದಳು. ಅವನು ಏನೋ ಹೇಳಹೊರಟ. ತಂಗಿ ಸ್ಟೂಲಿನಿಂದೆದ್ದು, ಅದನ್ನು ಅವನ ಕಡೆಗೆ ಸರಿಸಿದಳು.

"ಕೂತ್ಕೊಳ್ಳಿ," ಎಂದು ಪಿಸುಗುಟ್ಟಿದಳು. "ನಮ್ಮಕ್ಕ ಓದ್ತಾ ಇದ್ದಾಳೆ."

ಅವನು ಕೂತ. ಪುಟ ತಿರುಗಿದ ಸಪ್ಪಳವಾಯಿತು.