ಗ್ರಿನ್ನೆ ಕಣಿವೆಗೆ ಬಂದ ಆನೆಗಳು

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ, ಲಿಫ್ಟಿಲ್ಲದ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಮುದ್ದುಕೃಷ್ಣನ ನಡುಮನೆಯನ್ನು ಎಂಟು ತಿಂಗಳಿಂದ ಜರ್ಮನಿಯ ಒಂದು ನದಿ ಆಕ್ರಮಿಸಿಕೊಂಡಿತ್ತು. ನದಿಯ ಹೆಸರು ಗ್ರಿನ್ನೆ. ಉದ್ದ ಹನ್ನೊಂದು ಅಡಿ. ಅಗಲ, ಎರಡೂ ದಡದ ಬೆಟ್ಟಗಳು ಸೇರಿ, ಐದು. ಒಳಗಿನ ಗೋಡೆಯ ಹತ್ತಿರ ಹುಟ್ಟಿ, ಟಿವಿಯ ಮುಂದೆ ಒಂದು ತಿರುವು ತೆಗೆದುಕೊಂಡು, ಬಾಲ್ಕನಿ ಬಾಗಿಲ ಬಳಿ ಮುಗಿಯುತ್ತಿತ್ತು. ಸೋಫಾ ಬಾಲ್ಕನಿ ಸೇರಿ ಬಿಸಿಲಿಗೆ ಬಣ್ಣಗೆಟ್ಟಿತ್ತು. ಗಂಡಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡುತ್ತಿದ್ದರು.

ಇದು ಕ್ಲಾಸೆನ್ ಸಾಹೇಬರ ಕಣಿವೆ. ಸಾಹೇಬರು ದೋಹಾದ ಒಳಚರಂಡಿ ವಿನ್ಯಾಸದ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಎಂಜಿನಿಯರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಶುಕ್ರವಾರವೂ ಕೂತು ರಟ್ಟು, ಸುಣ್ಣ, ಗುಂಡುಸೂಜಿಗಳಿಂದ ತಾವು ಹುಟ್ಟಿದ ಕಣಿವೆಯನ್ನು ಕಟ್ಟಿದ್ದರು. ಅದೂ ಸುಮ್ಮನೆ ಕಣಿವೆಯಲ್ಲ, ಸಾವಿರದ ಒಂಬೈನೂರ ಎಂಟನೇ ಇಸವಿ ಆಗಸ್ಟ್ ತಿಂಗಳಲ್ಲಿ ಅದು ಹೇಗಿತ್ತೋ ಹಾಗೆ. ಮುದ್ದುಕೃಷ್ಣ ಅದೇ ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಯಾವ ನಕ್ಷೆ ಯಾರ ಕೈಗೆ ಯಾವ ತಾರೀಕು ಹೋಯಿತು ಎಂದು ಬರೆದಿಡುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ತಾರೀಕು ಹಾಕಿದವನಲ್ಲ. ಈ ವಿಷಯವನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ.

ಜನವರಿಯಲ್ಲಿ ಸಾಹೇಬರು ನಿವೃತ್ತರಾಗಿ ಊರಿಗೆ ಹೊರಟಾಗ ಕಣಿವೆಯನ್ನು ನಾಲ್ಕು ತುಂಡು ಮಾಡಿ ಮೆಟ್ಟಿಲು ಹತ್ತಿಸಿ ಮುದ್ದುಕೃಷ್ಣನ ಮನೆಯಲ್ಲಿ ಜೋಡಿಸಿದರು. ಊರಿನ ಮ್ಯೂಸಿಯಂ ಅದನ್ನು ತೆಗೆದುಕೊಳ್ಳಲಿದೆ, ಹಡಗಿನ ಏರ್ಪಾಟು ಆಗುವವರೆಗೆ ಇಲ್ಲಿರಲಿ ಎಂದರು. “ಒಂದು ಕಡ್ಡಿಯೂ ಕದಲಬಾರದು. ಈ ಊರಿನಲ್ಲಿ ನಿನ್ನೊಬ್ಬನನ್ನು ಬಿಟ್ಟು ನಾನು ಬೇರೆ ಯಾರನ್ನೂ ನಂಬಲಾರೆ.” ಹತ್ತೊಂಬತ್ತು ವರ್ಷದಲ್ಲಿ ಮುದ್ದುಕೃಷ್ಣನಿಗೆ ಯಾವ ಮೇಲಧಿಕಾರಿಯೂ ಇಂಥ ಮಾತು ಆಡಿರಲಿಲ್ಲ. ‘ಕೃಷ್ಣಾ, ಆ ಫೈಲೆಲ್ಲಿ’ ಎಂಬುದೇ ಅವನು ಕೇಳಿದ ದೊಡ್ಡ ಪ್ರೀತಿಯ ಮಾತು. ಆಗಲಿ ಸರ್ ಎಂದ. ಅಂದಿನಿಂದ ಪ್ರತಿ ಗುರುವಾರ ಕಣಿವೆಯ ಒಂದು ಫೋಟೋ, ಕೆಳಗೆ ತಾರೀಕು, ಸಾಹೇಬರಿಗೆ ತಪ್ಪದೆ ಹೋಗುತ್ತಿತ್ತು. ಸುಣ್ಣದ ಬೆಟ್ಟ ಬಿರುಕು ಬಿಡಬಾರದೆಂದು ಗಂಡಹೆಂಡತಿ ಹೊರಗೆ ಹೋದಾಗಲೂ ಬೆಟ್ಟಕ್ಕೆ ಎಸಿ ಓಡುತ್ತಿತ್ತು.

ಕಣಿವೆಯಲ್ಲಿ ಮೂರು ಊರುಗಳು. ಅವುಗಳ ಜರ್ಮನ್ ಹೆಸರು ನಾಲಿಗೆಗೆ ಹೊರಳದೆ ಮುದ್ದುಕೃಷ್ಣನ ಹೆಂಡತಿ ವತ್ಸಲಾ ಮೇಲೂರು, ನಡುವೂರು, ಕೆಳಗೂರು ಎಂದು ಕರೆದುಬಿಟ್ಟಿದ್ದಳು. ಮೇಲೂರಿನವರು ಬೆಟ್ಟದ ಮೇಲೆ ಕೋಟೆ ಕಟ್ಟಿಕೊಂಡು, ನದಿಗೆ ಅಡ್ಡ ಕಬ್ಬಿಣದ ಸರಪಳಿ ಕಟ್ಟಿ, ದೋಣಿಗಳಿಂದ ಸುಂಕ ಎತ್ತುತ್ತಿದ್ದರು. ಕೆಳಗೂರಿನವರು ದ್ರಾಕ್ಷಿ ಬೆಳೆದು ವೈನ್ ಮಾಡಿ ಅದೇ ದೋಣಿಗಳಲ್ಲಿ ಕಳಿಸುತ್ತ ಸುಂಕಕ್ಕೆ ಶಾಪ ಹಾಕುತ್ತಿದ್ದರು. ನಡುವೂರಿನಲ್ಲಿ ಕೋಟೆಯೂ ಇಲ್ಲ, ದ್ರಾಕ್ಷಿಯೂ ಇಲ್ಲ. ನದಿ ಅಲ್ಲಿ ಆಳವಿಲ್ಲ, ಅಷ್ಟೇ. ಅವರು ಜಾಣತನ ಮಾಡಿ ಸೇತುವೆ ಕಟ್ಟಿದರು. ಸರಕೆಲ್ಲ ದೋಣಿ ಬಿಟ್ಟು ಗಾಡಿ ಹತ್ತಿತು. ಮೇಲೂರಿನವರು ಬಂದು ಸೇತುವೆಯ ಹಲಗೆಗಳನ್ನೇ ಕಿತ್ತುಕೊಂಡು ಹೋದರು. ಅಲ್ಲಿಂದ ತೊಂಬತ್ತು ವರ್ಷ ಕೋರ್ಟು. ಮುಂದೆ ರೈಲು ಬಂದಾಗ ಸ್ಟೇಷನ್ ಯಾವ ಊರಿಗೆ ಎಂದು ಮೂವರೂ ಜಗಳವಾಡಿದ್ದಕ್ಕೆ, ರೈಲಿನವರು ಬೇಸತ್ತು ಮೂರೂ ಊರಿಗೆ ದೂರವಾಗುವಂತೆ ಹೊಲದ ಮಧ್ಯೆ ಕಟ್ಟಿ ಹೋದರು. ಮುದ್ದುಕೃಷ್ಣ ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ನೀರಿನ ಕ್ಯಾನ್ ತರುವವನಿಗೂ ಒಪ್ಪಿಸುತ್ತಿದ್ದ. ಆ ಬಡಪಾಯಿ ಕ್ಯಾನನ್ನು ಬಾಗಿಲ ಹೊರಗೇ ಇಟ್ಟು ಓಡತೊಡಗಿದ್ದ.

ಇಷ್ಟೆಲ್ಲ ಇದ್ದೂ ಕಣಿವೆಯಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಮನೆಗೆ ನಕ್ಷೆ ಇದೆ, ಮರಕ್ಕೆ ಫೋಟೋ ಇದೆ, ಆದರೆ ಆ ದಿನ ಯಾರು ಎಲ್ಲಿ ನಿಂತಿದ್ದರು ಎನ್ನುವುದಕ್ಕೆ ಆಧಾರವಿಲ್ಲ, ಆಧಾರವಿಲ್ಲದ್ದನ್ನು ನಾನು ಇಡುವುದಿಲ್ಲ ಎಂದಿದ್ದರು ಸಾಹೇಬರು. ಈ ಮಾತಿಗೆ ಮುದ್ದುಕೃಷ್ಣನ ಮೈ ಜುಮ್ಮೆಂದಿತ್ತು.

ವತ್ಸಲಾಳಿಗೆ ಜುಮ್ಮೆನ್ನಲಿಲ್ಲ. “ಮೂರು ಊರು ಕಟ್ಟಿ ಒಂದು ನರಪಿಳ್ಳೆ ಇಟ್ಟಿಲ್ವಲ್ರೀ. ಪ್ಲೇಗಿಗೆ ಹೆದರಿ ಎಲ್ಲ ಬಿಟ್ಟು ಓಡಿಹೋದಹಾಗಿದೆ,” ಎಂದಿದ್ದಳು.

ಹೀಗಿರುವಾಗ ದಸರಾ ಬಂತು. ವತ್ಸಲಾ ಮೈಸೂರಿನವಳು. ಮದುವೆಯಲ್ಲಿ ತಾಯಿ ಕೊಟ್ಟ ರಾಜ ರಾಣಿಯ ಪಟ್ಟದ ಗೊಂಬೆಗಳಿದ್ದವು. ಅವುಗಳ ಜೊತೆಗೆ ಏಳು ವರ್ಷ ರಜೆಗೆ ಹೋದಾಗಲೆಲ್ಲ ನೈಟಿಯಲ್ಲಿ ಸುತ್ತಿ ಕೈಚೀಲದಲ್ಲಿ ತಂದ ಹನ್ನೆರಡು ಜೇಡಿಮಣ್ಣಿನ ಆನೆಗಳು. ಅಲ್ ರಯ್ಯಾನಿನಿಂದ ಅಲ್ ಥುಮಾಮಾದವರೆಗೆ ಪರಿಚಯದ ಹೆಂಗಸರೆಲ್ಲ ಅವಳ ಮನೆ ಗೊಂಬೆ ನೋಡಲು ಬರುತ್ತಿದ್ದರು.

“ಏನ್ರೀ, ಗೊಂಬೆ ಎಲ್ಲಿ ಕೂರಿಸ್ಲಿ?”

“ಬೆಡ್‌ರೂಮಲ್ಲಿ ಕೂರಿಸು.”

“ಬಂದವರನ್ನ ಮಂಚದ ಮೇಲೆ ಹತ್ತಿಸಿ ಕುಂಕುಮ ಕೊಡ್ಲಾ?”

“ಹಾಗಿದ್ರೆ ಈ ವರ್ಷ ಬಿಟ್ಬಿಡು.”

ವತ್ಸಲಾ ಏನೂ ಹೇಳಲಿಲ್ಲ. ಮೂರು ದಿನ ಏನೂ ಹೇಳಲಿಲ್ಲ. ಮುದ್ದುಕೃಷ್ಣ ಅದನ್ನು ಒಪ್ಪಿಗೆ ಎಂದು ತಿಳಿದ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಗಂಡಸಿಗೆ ಇಷ್ಟೂ ತಿಳಿಯದಿದ್ದರೆ ಯಾರು ತಾನೇ ಏನು ಮಾಡಲಾದೀತು?

ಸೋಮವಾರ ನವರಾತ್ರಿ ಆರಂಭ. ಸಂಜೆ ಆಫೀಸಿನಿಂದ ಬಂದು ಬಾಗಿಲು ತೆಗೆದವನು ಅಲ್ಲೇ ನಿಂತ. ಮೇಲೂರಿನ ಕೋಟೆಯೊಳಗೆ ರಾಜ ರಾಣಿ ಕೂತಿದ್ದರು. ರಾಣಿಯ ಕಿರೀಟ ಕೋಟೆಯ ಗೋಪುರಕ್ಕಿಂತ ಒಂದು ಗೇಣು ಎತ್ತರದಲ್ಲಿತ್ತು. ನಡುವೂರಿನ ಸಂತೆ ಬೀದಿಯಲ್ಲಿ ಶೆಟ್ಟಿ ಮತ್ತು ಶೆಟ್ಟಮ್ಮ ಅಕ್ಕಿ, ಬೇಳೆ, ಬೆಲ್ಲದ ಗುಡ್ಡೆ ಹಾಕಿಕೊಂಡು ವ್ಯಾಪಾರಕ್ಕೆ ಕೂತಿದ್ದರು. ಕೆಳಗೂರಿನ ದ್ರಾಕ್ಷಿತೋಟದಲ್ಲಿ ಬ್ಯಾಂಡ್ ಸೆಟ್ಟಿನವರು. ನದಿಯ ತಿರುವಿನಲ್ಲಿ ಕಾಳಿಂಗನ ಹೆಡೆಯ ಮೇಲೆ ಕೃಷ್ಣ. ಮತ್ತು ಆ ಸೇತುವೆಯ ಮೇಲೆ, ತೊಂಬತ್ತು ವರ್ಷ ಕೋರ್ಟು ಕಂಡ ಸೇತುವೆಯ ಮೇಲೆ, ಹನ್ನೆರಡು ಆನೆಗಳು ಸಾಲಾಗಿ, ಅಂಬಾರಿಯ ಆನೆ ಸರಿಯಾಗಿ ನಡುಮಧ್ಯದಲ್ಲಿ.

“ತೆಗಿ. ಈಗಲೇ ತೆಗಿ.”

“ಕಲಶ ಇಟ್ಟು ಆರತಿ ಆಗಿದೆ. ಕೂರಿಸಿದ ಗೊಂಬೇನ ದಶಮಿವರೆಗೂ ಕದಲಿಸೋ ಹಾಗಿಲ್ಲ. ನಿಮಗೂ ಗೊತ್ತು.”

“ಒಂದು ಕಡ್ಡಿಯೂ ಕದಲಲ್ಲ ಅಂತ ಮಾತು ಕೊಟ್ಟಿದ್ದೀನಲ್ಲೇ!”

“ಕದಲಿಸಿಲ್ಲ. ಬೇಕಾದ್ರೆ ಎಣಿಸ್ಕೊಳ್ಳಿ.”

ಎಣಿಸಿದ. ಇನ್ನೂರ ಹದಿನಾಲ್ಕು ಮನೆ, ಮೂರು ಚರ್ಚು, ಒಂದು ಗಿರಣಿ, ಎಲ್ಲವೂ ತಂತಮ್ಮ ಜಾಗದಲ್ಲಿದ್ದವು. ಅವನಿಗೆ ಅದರಿಂದ ಇನ್ನಷ್ಟು ಸಿಟ್ಟು ಬಂತು.

ಗುರುವಾರ ಬಂತು. ಫೋಟೋ ಕಳಿಸಬೇಕು. ಮುದ್ದುಕೃಷ್ಣ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, ಹಿಂದಿನ ವಾರದ ಫೋಟೋ ಹುಡುಕಿ, ಅದರ ಕೆಳಗೆ ಈ ವಾರದ ತಾರೀಕು ಹಾಕಿ ಕಳಿಸಿದ. ಹತ್ತೊಂಬತ್ತು ವರ್ಷದ ಹೆಮ್ಮೆ ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು. ಎರಡು ನಿಮಿಷದಲ್ಲಿ ಉತ್ತರ ಬಂತು: ಶನಿವಾರ ದೋಹಾಕ್ಕೆ ಬರುತ್ತಿದ್ದೇನೆ, ಸಂಜೆ ಐದಕ್ಕೆ ಮನೆಗೆ ಬರುತ್ತೇನೆ.

ಶನಿವಾರ ಸಂಜೆ ಐದೂವರೆಗೆ ವತ್ಸಲಾ ಹೆಂಗಸರನ್ನು ಆರತಿಗೆ ಕರೆದಿದ್ದಳು.

ಆ ಎರಡು ದಿನ ಮುದ್ದುಕೃಷ್ಣನಿಗೆ ಊಟ ಇಳಿಯಲಿಲ್ಲ. ಕಾಯಿಲೆ ಎಂದು ಹೇಳೋಣ ಎಂದ, ಮೇಲೆ ಬೆಡ್‌ಶೀಟ್ ಹೊದಿಸೋಣ ಎಂದ. ಬೈಸಿಕೊಳ್ಳುವ ಭಯ ಅವನಿಗಿರಲಿಲ್ಲ, ಆಫೀಸಿನಲ್ಲಿ ಬೈಸಿಕೊಂಡು ಅಭ್ಯಾಸವಿತ್ತು. ತನ್ನನ್ನು ನಂಬಿದ ಒಬ್ಬನೇ ಒಬ್ಬ ಮನುಷ್ಯ ಇನ್ನು ನಂಬುವುದಿಲ್ಲವಲ್ಲ ಎಂದು ಅವನಿಗೆ ಅಳು ಬರುತ್ತಿತ್ತು. ವತ್ಸಲಾ ಕಡಲೆಕಾಳು ನೆನೆಹಾಕುತ್ತ, “ಬರ್ಲಿ ಬಿಡ್ರೀ. ಹಬ್ಬಕ್ಕೆ ಬಂದವರಿಗೆ ಉಸ್ಲಿ ಕೊಟ್ಟು ಕಳಿಸ್ತೀನಿ,” ಎಂದಳು.

ಸಾಹೇಬರು ಐದಕ್ಕೆ ಸರಿಯಾಗಿ ಕಟ್ಟಡದ ಬಾಗಿಲಿಗೆ ಬಂದರು. ಮುದ್ದುಕೃಷ್ಣ ಕೆಳಗಿಳಿದು ಎದುರುಗೊಂಡ. ಸ್ವಲ್ಪ ಸೊರಗಿದ್ದರು. ಮೊದಲ ಮಹಡಿಯಲ್ಲಿ ಹೇಳಿಬಿಡಬೇಕು ಎಂದುಕೊಂಡ ಮುದ್ದುಕೃಷ್ಣ. ಸಾಹೇಬರು ಏದುಸಿರು ಬಿಡುತ್ತಿದ್ದರು, ಹೇಳಲಿಲ್ಲ. ಎರಡನೆಯದರಲ್ಲಿ ಬಾಯಿ ತೆರೆದು ಹವಾಮಾನದ ಬಗ್ಗೆ ಮಾತಾಡಿದ. ಮೂರನೆಯದಕ್ಕೆ ಬಂದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಕನ್ನಡದ ಕಾರ್ಯಕ್ರಮಕ್ಕೆ ಅರ್ಧ ಗಂಟೆ ತಡವಾಗಿ ಬರುವುದೇ ರೂಢಿಯಾಗಿದ್ದ ಹೆಂಗಸರು ಅಂದು ಅರ್ಧ ಗಂಟೆ ಮುಂಚೆಯೇ ಬಂದಿದ್ದರು.

ಒಳಗೆ ದೀಪ ಹಚ್ಚಿತ್ತು. ಸಾಹೇಬರು ಬೂಟು ಬಿಚ್ಚಿ ಒಳಗೆ ಬಂದು, ತಮ್ಮ ಕಣಿವೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಹೆಂಗಸರು ಮಾತು ನಿಲ್ಲಿಸಿದರು. ಸಾಹೇಬರ ಮುಖದಲ್ಲಿ ಏನಿದೆ ಎಂದು ಮುದ್ದುಕೃಷ್ಣನಿಗೆ ಓದಲಾಗಲಿಲ್ಲ.

ಅಲ್ ಥುಮಾಮಾದಿಂದ ಬಂದ ಸ್ವರ್ಣಲತಾ ಉಡುಪಿ ಕಡೆಯವಳು. ಅವಳಿಗೆ ಮೌನ ಎಂದರೆ ಆಗದು. “ಇದು ನಿಮ್ಮ ಊರಂತೆ ಹೌದಾ ಸರ್? ಚಂದ ಉಂಟು ಮಾರಾಯ್ರೆ. ಈ ಸಂಕ ಯಾರು ಕಟ್ಟಿದ್ದು?” ಎಂದು ಸೇತುವೆಗೆ ಬೆರಳು ತೋರಿಸಿ, ಅದನ್ನೇ ಇಂಗ್ಲಿಷಿನಲ್ಲೂ ಕೇಳಿದಳು.

ಸಾಹೇಬರು ಅವಳನ್ನು ತಿರುಗಿ ನೋಡಿದರು. ಹೇಳಲು ಶುರು ಮಾಡಿದರು. ಅವರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರೆ ವತ್ಸಲಾ ಕನ್ನಡದಲ್ಲಿ ನಾಲ್ಕು ಹೇಳುತ್ತಿದ್ದಳು. ಎಂಟು ತಿಂಗಳು ಅಡುಗೆಮನೆಯಿಂದ ಕೇಳದವಳ ಹಾಗೆ ಇದ್ದುಕೊಂಡು ಅವಳು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳೆಂದು ಮುದ್ದುಕೃಷ್ಣನಿಗೆ ಆಗ ಗೊತ್ತಾಯಿತು. ಸರಪಳಿ ಬಂತು, ಸುಂಕ ಬಂತು, ಹಲಗೆ ಕಿತ್ತ ಕಥೆ ಬಂತು. ಅಷ್ಟರಲ್ಲಿ ಹೆಂಗಸರು ಪಕ್ಷ ಕಟ್ಟಿಕೊಂಡಿದ್ದರು. ಸುಂಕ ಎತ್ತೋದು ಕೋಟೆಯವರ ಹಕ್ಕು ಎಂದು ಅಲ್ ರಯ್ಯಾನಿನವರು ಮೇಲೂರಿನ ಪರ ನಿಂತರು. “ಹಲಗೆ ಕೀಳುದಾ? ಅದೆಂಥ ಹಕ್ಕು? ಕಳ್ಳತನ ಅದು!” ಎಂದು ಸ್ವರ್ಣಲತಾ ನಡುವೂರಿಗಾಗಿ ಎದ್ದು ನಿಂತಳು. ಸ್ಟೇಷನ್ ಯಾರಿಗೆ ಸೇರಬೇಕಿತ್ತು ಎಂಬಲ್ಲಿಗೆ ಬರುವಾಗ ಕುಂಕುಮದ ಬಟ್ಟಲು ಒಮ್ಮೆ ಉರುಳಿತ್ತು. ಸಾಹೇಬರು ಅವರಿಗೂ ಇವರಿಗೂ ತಿರುಗಿ ತಿರುಗಿ ಉತ್ತರ ಕೊಡುತ್ತಿದ್ದರು, ಕಿವಿ ಕೆಂಪಾಗಿತ್ತು. ಕೊನೆಗೆ ಆರತಿಯಾಗಿ, ಉಸ್ಲಿಯಾಗಿ, ಜಗಳ ಮೆಟ್ಟಿಲು ಇಳಿದು ಹೋಯಿತು.

ಮನೆಯಲ್ಲಿ ಮೂವರೇ ಉಳಿದಾಗ ಮುದ್ದುಕೃಷ್ಣ ಒಂದೇ ಉಸಿರಿಗೆ ಎಲ್ಲ ಹೇಳಿದ. ಮಾತು ಕೊಟ್ಟು ತಪ್ಪಿದೆ ಸರ್, ಗುರುವಾರದ ಫೋಟೋ ಸುಳ್ಳು, ತಾರೀಕು ಸುಳ್ಳು, ಹೆಂಡತಿಯ ತಪ್ಪಿಲ್ಲ, ನಾನು ಸರಿಯಾಗಿ ಬೇಡ ಅನ್ನಲಿಲ್ಲ.

“ಗೊತ್ತು,” ಎಂದರು ಸಾಹೇಬರು. “ಎರಡು ವಾರದ ಫೋಟೋದಲ್ಲೂ ನಿನ್ನ ಕಾಫಿ ಲೋಟ ಗಿರಣಿಯ ಪಕ್ಕದಲ್ಲೇ ಇತ್ತು.” “ನಾನೂ ಏಳು ತಿಂಗಳಿಂದ ನಿನಗೆ ನಿಜ ಹೇಳಿಲ್ಲ. ನಮ್ಮೂರಿನ, ಆ ನಡುವೂರಿನ, ಮ್ಯೂಸಿಯಂ ಫೆಬ್ರವರಿಯಲ್ಲೇ ಬೇಡ ಎಂದಿತು. ಮೇಲೂರನ್ನು ಅಷ್ಟು ಎತ್ತರದಲ್ಲಿ ತೋರಿಸಿದ್ದು ಅವರಿಗೆ ಹಿಡಿಸಲಿಲ್ಲ. ಮೇಲೂರಿನವರು, ನಡುವೂರನ್ನು ಕತ್ತರಿಸಿ ಕೊಟ್ಟರೆ ತಗೊಳ್ಳುತ್ತೇವೆ ಎಂದರು. ಕೆಳಗೂರಿನವರು ಕಾಗದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಖಲಾಸ್. ನಾಳೆ ಒಂದು ಪಿಕಪ್ ಬರುತ್ತದೆ, ಇದನ್ನು ಕಸಕ್ಕೆ ಹಾಕಿಸಿ ಮಂಗಳವಾರ ಹೊರಡುತ್ತೇನೆ. ನಿನ್ನ ಮನೆ ನಿನಗೆ ಸಿಗಲಿ.”

ಎಂಟು ತಿಂಗಳು ನಿಂತು ಉಂಡವನು ಮುದ್ದುಕೃಷ್ಣ. ಸಂತೋಷಪಡಬೇಕಾದವನು. ಅವನಿಗೆ ಕಣ್ಣು ತುಂಬಿತು.

ವತ್ಸಲಾ ಆರತಿ ತಟ್ಟೆಯನ್ನು ಕೆಳಗಿಟ್ಟು ಬಂದಳು. “ಏನಂತೆ? ಕಸಕ್ಕಾ? ಆರು ದಿನ ಆರತಿ ಎತ್ತಿದೀನಿ ನಾನು. ಆರತಿ ಎತ್ತಿದ ಊರನ್ನ ಯಾರಾದ್ರೂ ಕಸಕ್ಕೆ ಹಾಕ್ತಾರೇನ್ರೀ? ಹೇಳಿ ಅವರಿಗೆ.”

ಆರತಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ಮುದ್ದುಕೃಷ್ಣನಿಗೆ ಹೊಳೆಯಲಿಲ್ಲ. ತಡವರಿಸಿ, ಇದಕ್ಕೆ ಪೂಜೆ ಆಗಿದೆ ಸರ್, ಇನ್ನು ಎಸೆಯಲು ಅನುಮತಿಯಿಲ್ಲ, ಇದು ಇಲ್ಲೇ ಇರಬೇಕಂತೆ, ಎಂದ.

“ಎಷ್ಟು ದಿನ?”

“ಊರು ಇರೋವಷ್ಟು ದಿನ ಅನ್ನಿ,” ಎಂದಳು ವತ್ಸಲಾ.

ಸಾಹೇಬರು ನಿಧಾನವಾಗಿ ಮಂಡಿಯೂರಿದರು. ಬೀದಿಗಳ ಮಟ್ಟಕ್ಕೆ ಕಣ್ಣು ತಂದು ಶೆಟ್ಟಮ್ಮನ ಬೆಲ್ಲದ ಗುಡ್ಡೆಯನ್ನೂ ಬ್ಯಾಂಡಿನವರನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ಆಫೀಸಿನ ಹಳೆಯ ಗಡಸು ದನಿ ಬಂತು. “ಈ ಆನೆಗಳು. ಇದು ಎತ್ತಿನ ಗಾಡಿಯ ಸೇತುವೆ. ಹನ್ನೆರಡನ್ನೂ ಒಟ್ಟಿಗೆ ತಾಳುವುದಿಲ್ಲ. ಒಂದೊಂದಾಗಿ ದಾಟಿಸಬೇಕು.”

“ದಶಮಿವರೆಗೂ ಮುಟ್ಟೋ ಹಾಗಿಲ್ಲ,” ಎಂದಳು ವತ್ಸಲಾ, ಅಷ್ಟೇ ಗಡಸಾಗಿ. “ಈ ಸಲ ಒಂದು ತಿಥಿ ಹೆಚ್ಚು, ಗುರುವಾರ ದಶಮಿ. ಅವತ್ತು ಬಂದು ಅವರೇ ದಾಟಿಸ್ಲಿ.”

ಮುದ್ದುಕೃಷ್ಣ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬರು ಲೆಕ್ಕ ಹಾಕಿ, ಟಿಕೆಟ್ ಬದಲಾಯಿಸುವುದು ಹೇಗೆ ಎಂದು ಕೇಳಿದರು. ಮುದ್ದುಕೃಷ್ಣ ಕೆಳಗಿನ ಅಂಗಡಿಯ ಟ್ರಾವೆಲ್ ಏಜೆಂಟ್ ಫಾಯಿಝ್‌ಗೆ ಫೋನ್ ಹಚ್ಚಿದ. ಫಾಯಿಝ್ ಮಂಗಳೂರಿನವನು, ಕಾರಣ ತಿಳಿಯದೆ ಕೆಲಸ ಮಾಡುವವನಲ್ಲ. “ಶುಕ್ರವಾರಕ್ಕೆ ಹಾಕುವ, ಅದೇನೂ ತೊಂದರೆ ಇಲ್ಲ. ಆದ್ರೆ ಎಂತಾಯ್ತು ಅವರಿಗೆ? ಹುಷಾರಿಲ್ವಾ?”

ಯಾಕೆ ಉಳಿಯುತ್ತಿದ್ದೀರಿ ಎಂದು ಕೇಳುತ್ತಿದ್ದಾನೆ ಸರ್, ಎಂದ ಮುದ್ದುಕೃಷ್ಣ.

ಕ್ಲಾಸೆನ್ ಸಾಹೇಬರು ಮಂಡಿಯೂರಿದಲ್ಲಿಂದ ಏಳಲಿಲ್ಲ.

“ನಮ್ಮೂರಲ್ಲಿ ಹಬ್ಬ ಇದೆ ಎಂದು ಹೇಳು.”